ಕಿವಿಗಲ್ಲು

ಮೀನಿಗೂ ಕಿವಿಯಿದೆ, ಕಿವಿಯೊಳಗೊಂದು ಕಲ್ಲಿದೆ.
ಅವರೆಕಾಳಿನಷ್ಟು, ಹಾಲುಬಿಳುಪು.
ಬದುಕಿದಷ್ಟೂ ವರ್ಷ ಸುತ್ತಿನ ಮೇಲೆ ಸುತ್ತು ಕೂಡುತ್ತದೆ
ಮರದ ಕಾಂಡದಲ್ಲಿ ಕೂಡುವ ಹಾಗೆ.
ಆದರೆ ಮ್ವಾಂಜಾದಲ್ಲಿ ಹಿಮ ಬೀಳುವುದಿಲ್ಲ,
ವಿಕ್ಟೋರಿಯಾ ಸರೋವರಕ್ಕೆ ಚಳಿಗಾಲ ಗೊತ್ತಿಲ್ಲ.
ಎರಡು ಮಳೆಗಳ ನಡುವೆ ಮೀನು ತುಸು ಹಸಿದಾಗ
ಕಲ್ಲಿನಲ್ಲಿ ಒಂದು ಗೆರೆ,
ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟ ಸುಣ್ಣದಷ್ಟು ಮಸುಕು.

ಅದನ್ನು ಎಣಿಸುವುದು ನನ್ನ ಕೆಲಸ.
ಹೆಸರು ನ್ಯಾಮಿಜಿ.
ಸಂಬಳ ತಿಂಗಳ ಕೊನೆಗೆ, ಬಂದರೆ.

ಸೂಕ್ಷ್ಮದರ್ಶಕ ದೂರ ದೇಶದ್ದು.
ತೆಗೆದ ಚಿತ್ರವನ್ನು ತನಗಷ್ಟೇ ಬಿಚ್ಚಲು ಬರುವ
ಗಂಟು ಕಟ್ಟಿ ಇಡುತ್ತದೆ.
ಒಳಗೆ, ಕಪ್ಪಿನಿಂದ ಬಿಳಿಗೆ ಹತ್ತಲು
ಅರವತ್ತೈದು ಸಾವಿರದ ಐನೂರ ಮೂವತ್ತಾರು ಮೆಟ್ಟಿಲು.
ಎಲ್ಲವೂ ಬೂದು.
ನನ್ನ ಅಜ್ಜಿಗೆ ಬೂದು ಬಣ್ಣದ ಆರು ಹೆಸರು ಗೊತ್ತಿತ್ತು,
ಆರೂ ದನದ ಮೈಬಣ್ಣ.
ಅಷ್ಟರಲ್ಲೇ ಕಳೆದ ಕರು ಹುಡುಕಿಕೊಂಡು ಬರುತ್ತಿದ್ದಳು.

ಗಂಟು ಬಿಚ್ಚಲು ಪುಕ್ಕಟೆ ಸಿಕ್ಕ ತಂತ್ರಾಂಶವಿತ್ತು.
ಎರಡು ಸಾವಿರದ ನೂರನಲವತ್ತು ಚಿತ್ರ ಅದರ ಬಾಯಿಗಿಟ್ಟು
ಜನರೇಟರಿಗೆ ಡೀಸೆಲ್ ಸುರಿದು
ಮೇಜಿಗೆ ತಲೆಯಿಟ್ಟು ಮಲಗಿದೆ.
ಹಸಿರು ಪಟ್ಟಿ ರಾತ್ರಿಯಿಡೀ ತೆವಳಿತು.
ಬೆಳಗಾಗುವಾಗ ಎಲ್ಲ ಹಗುರ,
ಅರವತ್ತೈದು ಸಾವಿರ ಹೋಗಿ ಇನ್ನೂರೈವತ್ತಾರು,
ಕಣ್ಣಿಗೆ ಮೊದಲಿಗಿಂತ ಚೆಂದ.

ಎಣಿಸಿದೆ. ಮೂರು. ಮೂರು. ಎರಡು. ಮೂರು.

ಮುದುಕ ಲುಬಾಂಗೊ ಪರದೆಗೆ ಮೂಗು ತಾಗಿಸಿ ನೋಡಿದ.
ಮೊದಲು ಬಲೆ ಬೀಸುತ್ತಿದ್ದವ,
ಈಗ ನಮ್ಮಲ್ಲಿ ಕಲ್ಲು ಉಜ್ಜುವವ.
“ಈ ಮೀನನ್ನು ದೋಣಿಯಿಂದ ಇಳಿಸಿದ್ದು ನಾನು.
ಇಬ್ಬರು ಹಿಡಿದರೂ ಬಾಲ ನೆಲಕ್ಕೆ ತಾಗುತ್ತಿತ್ತು.
ಮೂರು ವರ್ಷದ ಕೂಸೇ ಇದು?”
ಲಕೋಟೆಯಿಂದ ಕಲ್ಲು ತೆಗೆದ,
ಒಂದು ಹನಿ ಎಣ್ಣೆ ಬಿಟ್ಟ, ದೀಪಕ್ಕೆ ಹಿಡಿದ,
ಗುಂಡುಸೂಜಿಯ ತುದಿ ನಡೆಯುತ್ತಾ ಹೋಯಿತು:
ಮೋಜಾ, ಮ್ಬಿಲಿ, ತಾತು…
ತಡೆದು, ಉಸಿರು ಬಿಗಿಹಿಡಿದು,
ಸೀತಾ, ಸಾಬಾ, ನಾನೆ.
ನಾನೆ ಅಂದರೆ ಎಂಟು.

ಮೊರದಲ್ಲಿ ಕೇರುವಾಗ
ಜೊಳ್ಳು ಯಾವುದು, ಕಾಳು ಯಾವುದು
ಗಾಳಿಗೆ ತೂಕದಿಂದ ಗೊತ್ತಾಗುತ್ತದೆ.
ಇದಕ್ಕೆ ಹೇಳಿಕೊಟ್ಟವರು ಯಾರು?
ಆಯ್ಕೆಗಳ ಪುಟದಲ್ಲಿ, ಕೆಳಗೆ, ಒಂದು ಪುಟ್ಟ ಚೌಕ:
‘ಬೆಳಕು ತಾನೇ ಸರಿಹೋಗಲಿ’.
ಅದರೊಳಗೆ ಒಂದು ಟಿಕ್ಕು.
ಹಾಕಿದವರು ಯಾರು?
ನಾನೇ.

ಚೌಕ ಖಾಲಿ ಮಾಡಿದೆ.
ಬೂದು ಒಂದೂ ಬಿಡದ, ಭಾರವಾದ ಕಡತವನ್ನೇ ಆರಿಸಿದೆ.
ಮೂರು ರಾತ್ರಿ ಮತ್ತೆ ಡೀಸೆಲ್.
ಗೆರೆಗಳು ಒಂದೊಂದಾಗಿ ಎದ್ದು ಬಂದವು, ಮಸುಕಾಗಿ,
ಮುಜುಗರಪಡುತ್ತಾ, ತಡವಾಗಿ ಬಂದ ನೆಂಟರ ಹಾಗೆ.
ಐದು. ಏಳು. ಒಂಬತ್ತು. ನಾಲ್ಕು.

ಎಲ್ಲವೂ ಅಲ್ಲ.
ಆ ಮೊದಲ ಬೆಳಿಗ್ಗೆ, ಡಿಸ್ಕಿನಲ್ಲಿ ಜಾಗವಿಲ್ಲವೆಂದು
ಮುನ್ನೂರ ಹನ್ನೆರಡು ಗಂಟುಗಳನ್ನು ಅಳಿಸಿಬಿಟ್ಟಿದ್ದೆ.
ಅವುಗಳ ಕಲ್ಲು ಉಜ್ಜಿ ಉಜ್ಜಿ ಪುಡಿಯಾಗಿತ್ತು.
ಉಳಿದಿರುವುದು ಆ ಚೆಂದದ ಚಿತ್ರಗಳಷ್ಟೇ,
ಅವುಗಳಲ್ಲಿ ಎಲ್ಲರಿಗೂ ಮೂರು ವರ್ಷ.

“ಸರಾಸರಿ ಹಾಕಿ ತುಂಬಿಸಿಬಿಡು” ಅಂದರು ಮೇಲಿನವರು.
ಇಲ್ಲ ಅನ್ನಲಿಲ್ಲ. ತುಂಬಿಸಲೂ ಇಲ್ಲ.
ಕಿರುಂಬಾ ಸಂತೆಯ ಕಡೆಯಿಂದ
ತಕ್ಕಡಿಯ ಹುಡುಗ ತೂಕ ಕೂಗುವುದು ಕೇಳುತ್ತದೆ,
ಹನ್ನೆರಡು ಕಿಲೋ, ಹದಿನೇಳು ಕಿಲೋ.
ಅಲ್ಲಿ ವಯಸ್ಸು ಯಾರೂ ಕೇಳುವುದಿಲ್ಲ.
ನನ್ನ ಪಟ್ಟಿಯಲ್ಲಿ ಮುನ್ನೂರ ಹನ್ನೆರಡು ಮನೆಗಳು ಖಾಲಿ.
ಲುಬಾಂಗೊ ದಿನಾ ಬಂದು ನೋಡುತ್ತಾನೆ,
ಏನೂ ಅನ್ನದೆ
ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು
ಮುಂದಿನ ಕಲ್ಲು ಉಜ್ಜಲು ಕೂರುತ್ತಾನೆ.